ನಾನು ಬೇಡವೆಂದ ನಾಯಿ

ಕೊಟ್ಟೂರಿನ ನಮ್ಮ ಮನೆಯ ಹಿತ್ತಲಲ್ಲಿ ಆ ಬೇಸಿಗೆ ಒಂಬತ್ತು ನಾಯಿಗಳಿದ್ದವು. ಒಂದೂ ನಮ್ಮದಲ್ಲ. ಬ್ಯಾಂಕಿನ ಮ್ಯಾನೇಜರು, ಕಾಲೇಜಿನ ಲೆಕ್ಚರರು, ಕರೆಂಟ್ ಆಫೀಸಿನ ಇಂಜಿನಿಯರು, ಹೀಗೆ ಬೇರೆ ಊರುಗಳಿಂದ ವರ್ಗವಾಗಿ ಬಂದವರು ರಜೆಗೆ ತಮ್ಮ ಊರಿಗೆ ಹೋಗುವಾಗ ಸಾಕಿದ ನಾಯಿಯನ್ನು ನನ್ನಲ್ಲಿ ಬಿಟ್ಟು ಹೋಗುತ್ತಿದ್ದರು. ಬಸ್ಸಿಗೆ ನಾಯಿ ಹತ್ತಿಸಲು ಕಂಡಕ್ಟರ್ ಬಿಡುವುದಿಲ್ಲ, ಪಕ್ಕದ ಮನೆಯವರನ್ನು ಕೇಳಲು ಇವರಿಗೆ ಸಂಕೋಚ. ಬಹುಪಾಲು ಬಿಳಿ ಪಾಮೇರಿಯನ್‌ಗಳು. ಆಗ ನೌಕರಿಯವರ ಮನೆ ಎಂದರೆ ಟೀವಿಯ ಮೇಲೊಂದು ಗೊಂಬೆ, ಬಾಗಿಲಲ್ಲೊಂದು ಪಾಮೇರಿಯನ್ ಇರಲೇಬೇಕಿತ್ತು.

ಹಿತ್ತಲಿಗೆ ತಂತಿಯ ಜಾಲರಿ ಹಾಕಿಸಿ ಗೂಡು ಗೂಡಾಗಿ ಮಾಡಿಸಿದ್ದೆ. ಪ್ರತಿ ನಾಯಿಯ ಜೊತೆ ಅದರ ಯಜಮಾನರು ಉಟ್ಟು ಬಿಟ್ಟ, ಒಗೆಯದ ಬಟ್ಟೆಯೊಂದನ್ನು ಕೇಳಿ ಪಡೆಯುತ್ತಿದ್ದೆ. ಮೊದಲ ಎರಡು ದಿನ ಅನ್ನ ಮುಟ್ಟದ ನಾಯಿ ಆ ಬಟ್ಟೆಯ ಮೇಲೆ ಮಲಗಿ ಮೂರನೆಯ ದಿನ ತಾನಾಗಿ ಎದ್ದು ತಟ್ಟೆಗೆ ಬಾಯಿ ಹಾಕುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೇ ಹೊಳೆದದ್ದು ಎಂಬ ಜಂಬ ನನಗಿತ್ತು. ಆ ಜಂಬದ ಕಥೆಯೇ ಇದು.

ಎರಡು ಸಾವಿರದ ಐದು, ಆರರ ಸುಮಾರು. ನಮ್ಮ ಯಜಮಾನರದು ಮೋಟಾರ್ ವೈಂಡಿಂಗ್ ಅಂಗಡಿ. ಅದರ ಪಕ್ಕದಲ್ಲೇ ಇಂಟರ್‌ನೆಟ್ ಅಂಗಡಿ. ಅದನ್ನು ನಡೆಸುವ ಭಾಯಿ ಮೊದಲು ಅಲ್ಲಿಯೇ ಟೈಪಿಂಗ್ ಕಲಿಸುತ್ತಿದ್ದರು. ಟೈಪ್ ಮೆಷಿನ್ ಕೇಳುವವರಿಲ್ಲದೆ ಹೋದಾಗ ನಾಲ್ಕು ಕಂಪ್ಯೂಟರ್ ತಂದು ಇಟ್ಟಿದ್ದರು. ಒಂದು ದಿನ ಅವರೇ ಮಾತು ತೆಗೆದರು.

"ಅಕ್ಕಾ, ನೆಟ್ಟಿನಾಗ ಪುಕ್ಕಟೆ ಜಾಹೀರಾತು ಹಾಕೋ ಜಾಗ ಐತಿ. ನಿಮ್ದೂ ಒಂದು ಹಾಕಿಬಿಡ್ತೀನಿ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಎಲ್ಲಾ ಕಡಿಂದ ನಾಯಿ ಬರ್ತಾವ ನೋಡ್ರಿ."

ಬಂದವು. ಭಾಯಿ ದಿನಾ ಹನ್ನೊಂದಕ್ಕೆ ಮೇಲ್ ತೆಗೆಯುವರು, ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತು ಕೇಳುವೆ, ಉತ್ತರ ಹೇಳಿ ಬರೆಸುವೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಜನ ಬರೆಯುತ್ತಿದ್ದದ್ದೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವೇ ಆದ್ದರಿಂದ ಹೇಗೋ ನಡೆಯುತ್ತಿತ್ತು.

ಮೊದಲ ಅನುಮಾನದ ಪತ್ರ ಲಂಡನ್ನಿನ ಹೆಸರಿನಲ್ಲಿ ಬಂತು. ಮೂರು ಬುಲ್‌ಡಾಗ್‌ಗಳನ್ನು ವಿಮಾನದಲ್ಲಿ ಕಳಿಸುತ್ತೇನೆ, ಮುಂಗಡ ಚೆಕ್ ಕಳಿಸುತ್ತೇನೆ, ಅದರಲ್ಲಿ ಸಾಗಣೆಯವನ ಪಾಲನ್ನು ನೀವೇ ಅವನಿಗೆ ಮುಟ್ಟಿಸಿಬಿಡಿ ಎಂದಿತ್ತು. ಯಜಮಾನರು ಕೇಳಿ ನಕ್ಕರು.

"ವಿಮಾನ ಎಲ್ಲಿ ಇಳಿಸ್ತಾನಂತ? ಕೊಟ್ಟೂರು ಕೆರ್ಯಾಗೇನು?"

ಎರಡನೆಯದು ನಗುವಂಥದ್ದಾಗಿರಲಿಲ್ಲ. ಮೇಲ್ ಬರೆದು, ಫೋನೂ ಮಾಡಿ, ಟಾಟಾ ಸುಮೋದಲ್ಲಿ ಬಂದು ಒಬ್ಬಾತ ಒಂದು ಪಾಮೇರಿಯನ್ ಬಿಟ್ಟುಹೋದ. ಮಗಳ ಮದುವೆ, ಹತ್ತು ದಿನ ಎಂದ. ಆರನೆಯ ದಿನ ಹಡಗಲಿಯ ಲೆಕ್ಚರರೊಬ್ಬರು ಯಾರೋ ಕೊಟ್ಟ ಸುಳಿವು ಹಿಡಿದು, ಪೊಲೀಸರನ್ನು ಕರೆದುಕೊಂಡು ನಮ್ಮ ಹಿತ್ತಲಿಗೇ ನುಗ್ಗಿದರು. ಜಾಲರಿಯ ಹೊರಗೆ ನಿಂತು, "ಬಂಗಾರೀ, ಬಾರ ನನ ಕೂಸ" ಅಂದರು ನೋಡಿ, ಆರು ದಿನ ಮೂಲೆ ಹಿಡಿದು ಮಲಗಿದ್ದ ಆ ನಾಯಿ ಜಾಲರಿಗೆ ಹಾರಿ ಹಾರಿ ಮೂಗು ತರಚಿಕೊಂಡಿತು. ಅದು ಕದ್ದ ನಾಯಿ. ಬಿಟ್ಟುಹೋದವನು ಗಿರಾಕಿ ಸಿಗುವ ತನಕ ಬಚ್ಚಿಡಲು ನನ್ನ ಹಿತ್ತಲನ್ನು ಬಳಸಿಕೊಂಡಿದ್ದ.

ಸಂಜೆಯ ತನಕ ನನ್ನನ್ನು ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿದರು. ಭಾಯಿ ಮೇಲ್‌ಗಳನ್ನೆಲ್ಲ ಪ್ರಿಂಟ್ ತೆಗೆದು ತಂದು ತೋರಿಸಿದ ಮೇಲೆ ಬಿಟ್ಟರು. ಬಿಟ್ಟರೇನು, ಓಣಿ ಬಿಡಬೇಕಲ್ಲ. ನಲ್ಲಿಯ ಹತ್ತಿರ ಯಾರಾದರೂ ನಾಯಿ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುವಂತಾಯಿತು. ಯಜಮಾನರು ಮೂರನೆಯ ದಿನ ಹೇಳಿದರು.

"ಸಾಕು ಬಿಡs ಈ ಉಸಾಬರಿ. ಮಂದಿ ನಾಯಿ ಕಾಯೋಕ ಹೋಗಿ ನಾವು ಮಂದಿ ಬಾಯಾಗ ಬೀಳೋದು ಯಾಕ?"

ನಾನು ಬಿಡಲಿಲ್ಲ. ಬಿಟ್ಟರೆ ನಾನು ಕಳ್ಳಿ ಎಂದೇ ಉಳಿಯುತ್ತದೆ ಎಂಬ ಹಟ. ಆ ಲೆಕ್ಚರರು ನಾಯಿಯನ್ನು ಕರೆದದ್ದು ಮಾತ್ರ ಕಿವಿಯಿಂದ ಹೋಗಿರಲಿಲ್ಲ. ಸುಮೋದವನು ಒಂದು ಸಲವೂ ಅದನ್ನು ಕರೆದಿರಲಿಲ್ಲ. "ಹಿಡ್ಕಳ್ರಿ" ಎಂದು ಹಗ್ಗ ಕೊಟ್ಟು ಹೋಗಿದ್ದ. ಅಲ್ಲಿಂದ ನನಗೊಂದು ಉಪಾಯ ಹೊಳೆಯಿತು. ಇನ್ನು ಮೇಲೆ ಯಾರೇ ಬುಕ್ ಮಾಡಲಿ, ಮೊದಲು ಫೋನ್ ಮಾಡಬೇಕು, ನಿಮ್ಮ ನಾಯಿಯನ್ನು ಊಟಕ್ಕೆ ಹೇಗೆ ಕರೆಯುತ್ತೀರೋ ಹಾಗೆ ಫೋನಿನಲ್ಲಿ ಕರೆದು ತೋರಿಸಬೇಕು. ಆಮೇಲೆ ತಂದು ಬಿಡುವಾಗ ನನ್ನೆದುರು ಇನ್ನೊಮ್ಮೆ ಕರೆಯಬೇಕು. ನಾಯಿ ಓಡಿ ಬಂದರೆ ಸರಿ, ಇಲ್ಲವಾದರೆ ಗೇಟಿನಿಂದಲೇ ವಾಪಸು.

ಸಾಕಿದವರು ಮೊದಲು ನಾಚಿಕೊಳ್ಳುತ್ತಾರೆ. ಇಡೀ ಬ್ರಾಂಚನ್ನು ಗದರಿಸುವ ಮ್ಯಾನೇಜರು ಗೋಡೆಗೆ ಮುಖ ಮಾಡಿ, "ಚಿನ್ನೂ ಮರಿ, ಮಮ್ಮು ಉಣ್ಣು ಬಾರಪ್ಪ" ಎಂದರು. ಇಂಜಿನಿಯರ ಹೆಂಡತಿ ನಾಲಿಗೆಯನ್ನು ಅಂಗುಳಿಗೆ ಹೊಡೆದು ಲೊಟ್ಟೆ ಹಾಕಿ ಕರೆದರು. ಕದ್ದವನು ನಾಚುವುದಿಲ್ಲ, ತಬ್ಬಿಬ್ಬಾಗುತ್ತಾನೆ. "ಅದೇನ್ರಿ, ಟಾಮಿ ಅಂತೀವಿ, ಬರ್ತೈತಿ" ಎಂದವನೊಬ್ಬನನ್ನು ಹೀಗೆಯೇ ಹಿಡಿದೆ. ಟಾಮಿ ಟಾಮಿ ಎಂದು ಅವನು ಗಂಟಲು ಹರಿದುಕೊಂಡರೂ ನಾಯಿ ನನ್ನ ಗೇಟಿನ ಕಂಬಕ್ಕೆ ಕಾಲೆತ್ತುತ್ತ ನಿಂತಿತ್ತು. ಅವನು ತಿರುಗಿ ನೋಡದೆ ಹೋದ. ಓಣಿಯಲ್ಲಿ ನನ್ನ ತಲೆ ಮತ್ತೆ ಮೇಲೆದ್ದಿತು. ಹಗರಿಬೊಮ್ಮನಹಳ್ಳಿಯ ಪಶು ಆಸ್ಪತ್ರೆಯ ಅಟೆಂಡರ್ ಕೂಡ, "ಅಕ್ಕಾರ ಪರೀಕ್ಷಾ ಅಂದ್ರ ಪರೀಕ್ಷಾನ" ಎಂದು ನಾಲ್ಕು ಮಂದಿಯ ಮುಂದೆ ಹೇಳಿದನಂತೆ. ಸಣ್ಣವರ ಹೊಗಳಿಕೆಗೂ ಮನುಷ್ಯ ಉಬ್ಬುತ್ತಾನೆ, ನಾನೂ ಉಬ್ಬಿದೆ.

ಹರಪನಹಳ್ಳಿಯ ಪತ್ರಗಳು ಬಂದದ್ದು ಆಗ. ಮೊದಲನೆಯದು ತೆರೆದಾಗ ಪರದೆಯ ತುಂಬ ಕೊಂಬು ಬಂದ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ಬಾಲ ಹಚ್ಚಿದ ಸೊನ್ನೆ. ತಿಳಿಯುವಂಥ ಒಂದು ಪದವಿಲ್ಲ. ಭಾಯಿ ಕುರ್ಚಿ ಹಿಂದೆ ಸರಿಸಿದರು.

"ಯಾ ಅಲ್ಲಾ, ಇದು ವೈರಸ್ ಐತ್ರಿ ಅಕ್ಕಾ. ಹೋದ ತಿಂಗಳು ಹಿಂಗs ಒಂದು ತೆಗದು ಎರಡು ಮಿಷಿನ್ ಮಕ್ಕಂಡ್ಬಿಟ್ವು. ಮುಟ್ಟೋದು ಬ್ಯಾಡ."

ಅಳಿಸಿದರು. ನಾಲ್ಕು ದಿನಕ್ಕೆ ಅಂಥದೇ ಇನ್ನೊಂದು ಬಂತು. ಅದನ್ನೂ ಅಳಿಸಿದರು. ಮೂರನೆಯದು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಎರಡೇ ಸಾಲು. ನಾಯಿ ಇದೆ, ಹತ್ತು ದಿನ ಇಟ್ಟುಕೊಳ್ಳಿ, ನನಗೆ ಆಸ್ಪತ್ರೆ ಇದೆ, ದಯವಿಟ್ಟು ಉತ್ತರ ಕೊಡಿ. ಫೋನ್ ಮಾಡಿ ಎಂದು ಬರೆಸಿದೆ. ಮಾರನೆಯ ದಿನ ಉತ್ತರ ಬಂತು: ಫೋನ್ ಆಗುವುದಿಲ್ಲ, ಮೇಲ್ ಮಾಡಿ.

ನನ್ನ ಹುಬ್ಬು ಮೇಲೇರಿತು. ಹಾಗಾದರೆ ನಿಮ್ಮ ನಾಯಿಯನ್ನು ಹೇಗೆ ಕರೆಯುತ್ತೀರಿ, ಬರೆದಾದರೂ ತಿಳಿಸಿ ಎಂದು ಕೇಳಿಸಿದೆ. ಅದಕ್ಕೆ ಬಂದ ಉತ್ತರವನ್ನು ಭಾಯಿ ಎರಡು ಸಲ ಓದಿದರು.

"'ನಾನು ಕರೆಯುವುದಿಲ್ಲ. ಎಲ್ಲ ಮೊದಲೇ ಬರೆದಿದ್ದೇನೆ. ಮೊದಲ ಪತ್ರ ತೆಗೆದು ಓದಿ.' ನೋಡಿದ್ರೇನ್ರಿ ಅಕ್ಕಾ ಇವನ ಮಸಲತ್ತು? ಮೊದಲ ಪತ್ರ ತೆಗೀರಿ ಅಂದ್ರ ಆ ವೈರಸ್ ತೆಗೀರಿ ಅಂತ. ಇವನs ಕಳ್ಸಿರಬೇಕು ಅದನ್ನ."

"ನಾಯಿ ಸಾಕಿದವ ನಾಯಿ ಕರೆಯಂಗಿಲ್ಲ ಅಂದ್ರ ಏನರ್ಥ ಭಾಯಿ? ಕದ್ದವ ಕರೆಯಂಗಿಲ್ಲ. ಮುಗೀತು."

ನಾನು ಹೇಳಿದ್ದು ಇಷ್ಟೇ ಆಗಿದ್ದರೆ ಇವತ್ತು ಇಷ್ಟು ಸಂಕಟವಿರುತ್ತಿರಲಿಲ್ಲ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವಳು ನಾನು, ಮಜ್ಜಿಗೆಯನ್ನೂ ಊದುತ್ತಿದ್ದೆ; ಊದುವುದಷ್ಟೇ ಅಲ್ಲ, ಊರವರ ಮಜ್ಜಿಗೆಯನ್ನೂ ಚೆಲ್ಲಿಸಿದೆ. "ನಾವು ಕದ್ದ ನಾಯಿ ಇಟ್ಟುಕೊಳ್ಳುವುದಿಲ್ಲ, ಇನ್ನೊಮ್ಮೆ ಬರೆದರೆ ಪೊಲೀಸರಿಗೆ ಕೊಡುತ್ತೇವೆ" ಎಂದು ಬರೆಸಿದೆ. ಆಮೇಲೆ ಹಗರಿಬೊಮ್ಮನಹಳ್ಳಿಯ ಅಟೆಂಡರ್‌ಗೂ, ಹರಪನಹಳ್ಳಿಯಲ್ಲಿ ನನ್ನ ಹಾಗೆಯೇ ಒಂದೆರಡು ನಾಯಿ ಇಟ್ಟುಕೊಳ್ಳುತ್ತಿದ್ದ ರಿಟೈರ್ಡ್ ಮೇಷ್ಟ್ರಿಗೂ ಫೋನ್ ಮಾಡಿ, ಇಂಥವನೊಬ್ಬ ಬರೆಯುತ್ತಿದ್ದಾನೆ, ಆಸ್ಪತ್ರೆ ಗೀಸ್ಪತ್ರೆ ಅನ್ನುತ್ತಾನೆ, ನಂಬಬೇಡಿ ಎಂದೆ. ಅದಕ್ಕೆ ಮೇಷ್ಟ್ರು ಅಂದರು.

"ನನಗೂ ಒಂದು ಚೀಟಿ ಬಂದೈತಮ್ಮ. ನಮ್ಮೂರಾತನೇ ಇದ್ದಂಗೈತೆ. ಇಟ್ಕಂತೀನಿ ಅನ್ನೋಣ ಅಂತಿದ್ದೆ."

"ಬ್ಯಾಡ್ರಿ ಸಾರ್. ನಾ ಸ್ಟೇಷನ್ ಬೆಂಚಿನ ಮ್ಯಾಗ ಕುಂತು ಬಂದಾಕಿ. ನನ್ ಮಾತು ಕೇಳ್ರಿ."

ಕೇಳಿದರು. ಅಂದು ನಾನು ನೆಮ್ಮದಿಯಿಂದ ಉಂಡೆ. ಒಂದು ಕಳವು ತಪ್ಪಿಸಿದೆ ಎಂದೇ ನಂಬಿದ್ದೆ.

ಹನ್ನೆರಡು ದಿನ ಕಳೆದಿರಬೇಕು. ಮಧ್ಯಾಹ್ನ ನಾಯಿಗಳಿಗೆ ನೀರು ಬದಲಿಸುತ್ತಿದ್ದಾಗ ಭಾಯಿ ಅಂಗಡಿ ತೆರೆದಿಟ್ಟೇ ಓಡಿಬಂದರು.

"ಅಕ್ಕಾ, ಸ್ವಲ್ಪ ಬರ್ರಿ. ತಪ್ಪಾಗೇತಿ."

ಶಾಲೆಯೊಂದರ ವಾರ್ಷಿಕೋತ್ಸವದ ಭಾಷಣವನ್ನು ಯಾರೋ ಫ್ಲಾಪಿಯಲ್ಲಿ ತಂದಿದ್ದರಂತೆ. ತೆರೆದರೆ ಪರದೆಯ ತುಂಬ ಅದೇ ಕೊಂಬಿನ ಅಕ್ಷರ, ಅದೇ ಬಾಲದ ಸೊನ್ನೆ. ತಂದವರು ನಕ್ಕು, "ಕನ್ನಡ ಫಾಂಟ್ ಹಾಕ್ರಿ, ಕನ್ನಡ ಆಗ್ತೈತಿ" ಎಂದು ತಾವೇ ಹಾಕಿ ತೋರಿಸಿದರಂತೆ. ಒಂದು ಗುಂಡಿ ಒತ್ತಿದ್ದಕ್ಕೆ ಆ ಕೊಂಬುಗಳೆಲ್ಲ ಉದುರಿ ಅಚ್ಚ ಕನ್ನಡವಾಯಿತಂತೆ. ಭಾಯಿ ಅಳಿಸಿದ ಪತ್ರಗಳು ಮೇಲ್‌ನ ಕಸದ ಡಬ್ಬಿಯಲ್ಲಿ ಇನ್ನೂ ಇದ್ದವು. ಅವನ್ನು ತೆಗೆದು ಅದೇ ಫಾಂಟಿಗೆ ಹಾಕಿ ಇಟ್ಟಿದ್ದರು. ನಾನು ಸ್ಟೂಲಿನ ಮೇಲೆ ಕುಳಿತು ನಾನೇ ಓದಿದೆ. ಮೊದಲ ಸಲ ಓದಲು ಭಾಯಿಯ ಸಹಾಯ ಬೇಕಾಗಲಿಲ್ಲ.

"ಮಾನ್ಯರೆ, ನಾನು ಹರಪನಹಳ್ಳಿಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮೇಲೆ ಕನ್ನಡ ಅಕ್ಷರ ಜೋಡಿಸುವ ಡಿಟಿಪಿ ಕೆಲಸ ಮಾಡುತ್ತೇನೆ. ಹುಟ್ಟಿನಿಂದ ನನಗೆ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಆದ್ದರಿಂದ ಫೋನ್ ಮಾಡಲಾರೆ, ಕ್ಷಮಿಸಿ. ದಾವಣಗೆರೆಯಲ್ಲಿ ನನಗೆ ಹೊಟ್ಟೆಯ ಆಪರೇಷನ್ ಇದೆ. ಒಂದು ನಾಯಿ ಸಾಕಿದ್ದೇನೆ. ಕಂದು ಬಣ್ಣದ ಬೀದಿ ನಾಯಿ, ಜಾತಿಯದಲ್ಲ. ಹೆಸರಿಲ್ಲ. ಕರೆದರೆ ಬರುವುದಿಲ್ಲ, ತಪ್ಪು ತಿಳಿಯಬೇಡಿ, ಅದನ್ನು ಇದುವರೆಗೆ ಯಾರೂ ಕರೆದಿಲ್ಲ. ನಾನು ನೆಲಕ್ಕೆ ಕಾಲು ಬಡಿಯುತ್ತೇನೆ. ಒಮ್ಮೆ ಬಡಿದರೆ ಬಾ ಎಂದು, ಎರಡು ಸಲ ಬಡಿದರೆ ಊಟ. ಅದು ಬೊಗಳುವುದು ಕಡಿಮೆ, ಬೊಗಳಿದರೂ ನನಗೆ ಕೇಳದು ಎಂದು ಅದಕ್ಕೆ ಗೊತ್ತಿದೆ. ನಿಮ್ಮ ಹಿತ್ತಲಿನ ನೆಲ ಮಣ್ಣಿನದೋ ಕಲ್ಲಿನದೋ ತಿಳಿಸಿ."

ಎರಡನೆಯದರಲ್ಲಿ ಮೂರೇ ಸಾಲಿತ್ತು. ಉತ್ತರ ಬರಲಿಲ್ಲ, ಬೀದಿ ನಾಯಿ ಎಂದು ಬೇಡವಾದರೆ ಹಾಗೆಯೇ ತಿಳಿಸಿ, ಬೇಸರವಿಲ್ಲ. ನಾನೇ ಒಮ್ಮೆ ಬಂದು ನಿಮ್ಮ ಹಿತ್ತಲು ನೋಡಿ ಹೋಗಲೇ? ಕೆಳಗೆ ಪ್ರೆಸ್ಸಿನ ಹೆಸರಿತ್ತು.

ಭಾಯಿ ಅತ್ತ ತಿರುಗಿ ಕರವಸ್ತ್ರದಲ್ಲಿ ಕಣ್ಣು ಒರೆಸಿಕೊಂಡರು. ನನಗೆ ಅಳುವೂ ಬರಲಿಲ್ಲ. ನಾನು ಆತನಿಗೆ ಕಳ್ಳ ಎಂದು ಬರೆಸಿದ್ದೆ. ಪೊಲೀಸರ ಹೆಸರು ಹೇಳಿದ್ದೆ. ನಾನು ಇಟ್ಟುಕೊಳ್ಳದಿದ್ದದ್ದು ಹೋಗಲಿ, ಇಟ್ಟುಕೊಳ್ಳುವವರ ಬಾಗಿಲನ್ನೂ ಹಾಕಿಸಿದ್ದೆ. ಜಾಹೀರಾತು ತೆಗೆದುಬಿಡಿ ಎಂದು ಅಲ್ಲಿಯೇ ಭಾಯಿಗೆ ಹೇಳಿ, ಹಿತ್ತಲಿನ ನಾಯಿಗಳನ್ನು ನಮ್ಮ ಯಜಮಾನರಿಗೆ ಒಪ್ಪಿಸಿ, ಹರಪನಹಳ್ಳಿಯ ಬಸ್ಸು ಹತ್ತಿದೆ.

ಪ್ರೆಸ್ಸಿನ ಯಜಮಾನರು ಒಳ್ಳೆಯವರು. ಲಗ್ನಪತ್ರಿಕೆಗಳ ಕಟ್ಟು ಸರಿಸಿ ಕುರ್ಚಿ ಕೊಟ್ಟರು. ನಾನು ಯಾರು ಎಂದು ಹೇಳಿದ ಮೇಲೂ ಕುರ್ಚಿ ಕೊಟ್ಟರು.

"ಎಲ್ಲೂ ಜಾಗ ಸಿಗಲಿಲ್ಲ ಅಂತ ಆಪರೇಷನ್ ಎರಡು ಸಲ ಮುಂದಕ್ಕೆ ಹಾಕ್ಸಿದ. ಕೊನಿಗೆ ನಾನೇ ಬೈದು ಕಳಿಸ್ದೆ. ಹಿಂದಿನ ರೂಮಿನಾಗೆ ಕಟ್ಟಿ ಹೋಗು, ನಾವು ನೋಡ್ಕಂತೀವಿ ಅಂತ ಬರ್ದು ಕೊಟ್ಟೆ. ಬಸ್ ಸ್ಟ್ಯಾಂಡಿಗೆ ನಾಯಿನೂ ಕರ್ಕಂಡು ಹೋಗಿ ಹತ್ತಿಸಿ ಬಂದ್ವಿ. ಮೂರನೇ ದಿನ ಹಗ್ಗದಾಗಿಂದ ಕುತ್ತಿಗೆ ಬಿಡಿಸ್ಕಂಡು ಹೋಗೈತೆ ನೋಡಮ್ಮ. ಐದು ದಿನ ಆತು."

"ಆತಗ ಗೊತ್ತೈತೇನ್ರಿ?"

"ಹೊಟ್ಟಿ ಹೊಲಿಗಿ ಹಾಕಿಸ್ಕಂಡು ಮಲಗ್ಯಾನ. ಹೆಂಗ ಹೇಳಾದು?"

"ಆತ ನಿಮಗ ಮೊದಲs ಹೇಳಿದ್ರ ನೀವs ನನಗ ಫೋನ್ ಮಾಡ್ತಿದ್ರಿ. ಯಾಕ ಹೇಳಲಿಲ್ಲ?"

"ಆತ ಹಂಗೇ ಅಮ್ಮ. ಎಲ್ಲಾ ತಾನೇ ಬರ್ದು ಮಾಡ್ಕಂತಾನೆ. ಬ್ಯಾರೇರ ಬಾಯಿ ಸಾಲ ಕೇಳೋನಲ್ಲ."

ಕಾಲು ಬಡಿದು ಹುಡುಕಿದಿರಾ ಎಂದು ಕೇಳಿದೆ. "ನಾವೂ ಬಡಿದ್ವಿ. ನಮ್ಮ ಕಾಲಿಗೆ ಬರಲಿಲ್ಲ ಅದು" ಎಂದರು. ಇವರು ಸರಿಯಾಗಿ ಬಡಿದಿಲ್ಲ ಎಂದುಕೊಂಡೆ. ನೋಡಿ ನನ್ನ ಬುದ್ಧಿ, ಅಷ್ಟಾದ ಮೇಲೂ.

ಆತ ವಾಪಸಾಗಲು ಇನ್ನು ನಾಲ್ಕು ದಿನವಿತ್ತು. ಅಷ್ಟರೊಳಗೆ ಹುಡುಕಿಬಿಡುತ್ತೇನೆ ಎಂದು ಪಣ ತೊಟ್ಟೆ. ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವುದು. ಒಂದು ನೋಟ್‌ಬುಕ್ಕಿನಲ್ಲಿ ಓಣಿಗಳನ್ನು ಬರೆದುಕೊಂಡು ಒಂದೊಂದೇ ಗೆರೆ ಎಳೆಯುತ್ತ ಹೋದೆ. ಕಂದು ಬಣ್ಣದ ಬೀದಿ ನಾಯಿ ಎಂದರೆ ಊರಿಗೆ ನೂರು. ಗುರುತಿಲ್ಲ, ಹೆಸರಿಲ್ಲ, ಕುತ್ತಿಗೆಗೆ ಹಗ್ಗವೂ ಇಲ್ಲ. ಇದ್ದದ್ದು ಕಾಲು ಬಡಿಯುವುದೊಂದೇ. ಸಂತೆ ಬಯಲು, ಮಟನ್ ಅಂಗಡಿಗಳ ಹಿಂದು, ತಾಲ್ಲೂಕು ಆಫೀಸಿನ ಕಾಂಪೌಂಡು, ಎಲ್ಲಿ ಕಂದು ನಾಯಿ ಕಂಡರೂ ಎದುರು ನಿಂತು ಕಾಲೆತ್ತಿ ಧಡ್ ಎಂದು ಬಡಿಯುವೆ. ನಾಯಿಗಳು ಓಡುತ್ತಿದ್ದವು. ಜನ ನಿಲ್ಲುತ್ತಿದ್ದರು. ಮೆಣಸಿನಕಾಯಿ ಆರಿಸುತ್ತ ಕುಳಿತಿದ್ದ ಮುದುಕಿಯೊಬ್ಬಳು ಕೇಳಿದಳು.

"ಯಾಕಬೇ, ಮೈಮ್ಯಾಗ ಅಮ್ಮ ಬಂದಾಳೇನು?"

"ಇಲ್ಲಬೇ, ನಾಯಿ ಹುಡುಕಾಕ ಹತ್ತೀನಿ."

"ನಾಯಿ ಹುಡುಕೋಕೆ ಬಾಯಿ ಇಲ್ಲೇನು ನಿನಗ?"

ಎರಡನೆಯ ದಿನಕ್ಕೆ ಪಾದ ಊದಿತು. ಮೂರನೆಯ ದಿನ ಊರ ಹೊರಗೆ ಹೊರಟೆ. ಹಲವಾಗಲಿನ ದಾರಿಯಲ್ಲಿ ಒಂದಿಷ್ಟು ದೂರ ಹೋಗಿ ಬಂದೆ. ಆಮೇಲೆ ಹೊಳೆಯಿತು, ನಾಯಿ ತನ್ನ ಯಜಮಾನ ಬಸ್ಸು ಹತ್ತಿದ್ದನ್ನು ನೋಡಿದೆ, ಬಸ್ಸು ಹೋದ ದಿಕ್ಕಿಗೇ ಹೋಗಿರಬೇಕು. ಆತ ಹತ್ತಿದ್ದು ಇದೇ ತಾಲ್ಲೂಕಿನ ಅರಸೀಕೆರೆಯ ಮೇಲೆ ದಾವಣಗೆರೆಗೆ ಹೋಗುವ ಬಸ್ಸು. ನಡುವಿನ ಹಳ್ಳಿಗಳಲ್ಲಿ ಇಳಿದು ಹತ್ತುತ್ತ ಮಧ್ಯಾಹ್ನಕ್ಕೆ ಅರಸೀಕೆರೆ ಮುಟ್ಟಿದೆ.

ಬಸ್ಸು ನಿಲ್ಲುವಲ್ಲಿ ಒಂದು ಚಹಾದ ಹೋಟೆಲ್. ಅದರ ಬೆಂಚಿನ ಕೆಳಗೆ ಕಂದು ನಾಯಿಯೊಂದು ಮಲಗಿತ್ತು. ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಎದುರು ನಿಂತು ಕಾಲೆತ್ತಿ ಬಡಿದೆ. ಅದು ತಲೆ ಎತ್ತಿ ನನ್ನ ಕಾಲನ್ನು ನೋಡಿತು, ಮುಖ ನೋಡಲಿಲ್ಲ. ಇನ್ನೊಮ್ಮೆ ಜೋರಾಗಿ ಬಡಿದೆ. ಮೈ ಮುದುಡಿಕೊಂಡು ಬೆಂಚಿನ ಆ ತುದಿಗೆ ಸರಿಯಿತು. ನಾನು ಬಿಸ್ಕತ್ತು ಹಾಕಲಿಲ್ಲ, ಹತ್ತಿರ ಹೋಗಲಿಲ್ಲ. ಕರೆದರೆ ಬರಬೇಕು, ಬರಲಿಲ್ಲ ಎಂದರೆ ಅದಲ್ಲ. ಇದು ನಾನೇ ಕಟ್ಟಿದ ಪರೀಕ್ಷೆ. "ಇದಲ್ಲ ಬಿಡ್ರಿ" ಎಂದು ಹೋಟೆಲಿನವನಿಗೆ ಹೇಳಿ, ನೋಟ್‌ಬುಕ್ಕಿನಲ್ಲಿ ಅರಸೀಕೆರೆಯ ಮೇಲೆ ಗೆರೆ ಎಳೆದು, ವಾಪಸು ಬಸ್ಸು ಹತ್ತಿದೆ. ನಾಲ್ಕನೆಯ ದಿನ ಮತ್ತೆ ಹರಪನಹಳ್ಳಿಯ ಓಣಿಗಳನ್ನೇ ಸುತ್ತಿದೆ. ಏನೂ ಆಗಲಿಲ್ಲ.

ಐದನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಆತ ಬಂದ. ಪ್ರೆಸ್ಸಿನ ಯಜಮಾನರು ನೀವು ಇರಬೇಡಿ ಎಂದರೂ ನಾನು ಹೋಗಿ ಕುಳಿತಿದ್ದೆ. ಮೂವತ್ತರ ಆಸುಪಾಸಿನ ತೆಳ್ಳನೆಯ ಆಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದರಲ್ಲಿ ಬ್ಯಾಗು. ಯಜಮಾನರಿಗೆ ಕೈ ಮುಗಿದು ನಕ್ಕು, ನೇರ ಹಿಂದಿನ ರೂಮಿನ ಹೊಸ್ತಿಲಿಗೆ ಹೋಗಿ ನಿಂತು ಕಾಲು ಬಡಿದ. ಯಾವುದೂ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಡಿದ. ಆಮೇಲೆ ಬಾಗಿ, ಹೊಲಿಗೆ ನೋಯುತ್ತಿದ್ದರೂ ಬಾಗಿ, ಪೇಪರ್ ರೀಮುಗಳ ಸಂದಿಯಲ್ಲಿ ನೋಡಿದ. ಯಜಮಾನರು ಕತ್ತರಿಸುವ ಮೆಷಿನ್ನಿನ ಕಡೆ ಮುಖ ತಿರುಗಿಸಿಕೊಂಡರು.

ನಾನು ರಾತ್ರಿಯೇ ಎರಡು ಹಾಳೆ ಬರೆದು ತಂದಿದ್ದೆ. ನಾನು ಯಾರು, ಏನು ಮಾಡಿದೆ, ಪತ್ರ ಯಾವಾಗ ಓದಿದೆ, ಎಲ್ಲ. ಏನನ್ನೂ ಮುಚ್ಚಿಟ್ಟಿರಲಿಲ್ಲ. ಆತ ನಿಂತೇ ಓದಿದ. ಬೈಯಲಿ ಎಂದು ಕಾದೆ. ಬೈಗುಳವನ್ನು ಬರೆಯುವುದು ಎಷ್ಟು ಹೊತ್ತಿನ ಕೆಲಸ! ಆತ ಪೆನ್ನು ತೆಗೆದು ಬರೆದದ್ದು: "ಎಲ್ಲೆಲ್ಲಿ ಹುಡುಕಿದಿರಿ?"

ನೋಟ್‌ಬುಕ್ ಕೊಟ್ಟೆ. ಒಂದೊಂದು ಗೆರೆಯ ಮೇಲೂ ಬೆರಳಿಟ್ಟು ನೋಡಿದ. ಆಮೇಲೆ ಬರೆದ: "ಹೇಗೆ ಬಡಿದಿರಿ? ತೋರಿಸಿ."

ಊದಿದ ಕಾಲನ್ನು ಎತ್ತಿ ಬಡಿದು ತೋರಿಸಿದೆ. ಆತನ ಮುಖ ಬದಲಾಯಿತು. ಇಲ್ಲ ಇಲ್ಲ ಎಂದು ಕೈ ಆಡಿಸಿ ತನ್ನ ಪಾದದ ಕಡೆ ತೋರಿಸಿದ. ಬೆರಳುಗಳು ನೆಲ ಬಿಡಲೇ ಇಲ್ಲ. ಹಿಮ್ಮಡಿ ಮಾತ್ರ ಅಷ್ಟೇ ಅಷ್ಟು ಮೇಲೆದ್ದು ನೆಲಕ್ಕೆ ಬಿತ್ತು. ದೊಡ್ಡ ಸದ್ದಲ್ಲ, ಮರದ ಹಲಗೆಯನ್ನು ಬೆರಳಿನಿಂದ ತಟ್ಟಿದಷ್ಟು. ಮತ್ತೆ ಬರೆದ: "ಅದು ಬೀದಿಯಲ್ಲಿ ಬೆಳೆದದ್ದು. ಕಾಲು ಎತ್ತಿದರೆ ಒದೆಯುತ್ತಾರೆ ಎಂದುಕೊಳ್ಳುತ್ತದೆ."

ನಾಲ್ಕು ದಿನ ಊರೂರು ಸುತ್ತಿ ನಾನು ಅದನ್ನು ಕರೆಯುತ್ತಿರಲಿಲ್ಲ, ಅಟ್ಟುತ್ತಿದ್ದೆ. ಬೆಂಚಿನ ಕೆಳಗೆ ಮುದುಡಿಕೊಂಡ ನಾಯಿ ಕಣ್ಣಿಗೆ ಬಂತು. ಹಾಳೆ ಎಳೆದುಕೊಂಡು ಬರೆದೆ: "ಅರಸೀಕೆರೆಯಲ್ಲಿ ಒಂದು ಇತ್ತು. ನನ್ನ ಕಾಲು ನೋಡಿತು."

ಹೊಲಿಗೆ ಹಸಿಯಿದೆ, ಬಸ್ಸಿನಲ್ಲಿ ಕುಲುಕಾಡಬಾರದು ಎಂದು ಪ್ರೆಸ್ಸಿನ ಯಜಮಾನರು ಬಾಗಿಲಿಗೆ ಅಡ್ಡ ನಿಂತರು. ಆತ ಅವರ ಭುಜ ಹಿಡಿದು ಮೆಲ್ಲಗೆ ಸರಿಸಿದ. ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಆತ ಕಿಟಕಿಯಿಂದ ರಸ್ತೆಯ ಎರಡೂ ಬದಿ ನೋಡುತ್ತಿದ್ದ. ನಾನು ದೇವರಿಗೆ ಏನೇನೋ ಹರಕೆ ಹೊರುತ್ತಿದ್ದೆ.

ಅರಸೀಕೆರೆಯಲ್ಲಿ ಬೆಂಚಿನ ಕೆಳಗೆ ನೆರಳಷ್ಟೇ ಇತ್ತು. ಆತ ಬಸ್ಸು ನಿಲ್ಲುವ ಜಾಗದಲ್ಲಿ ನಿಂತು ಹಿಮ್ಮಡಿ ಬಡಿದ, ಹೋಟೆಲಿನ ಹಿಂದೆ ಹೋಗಿ ಬಡಿದ, ಹುಣಸೆಮರದ ಕೆಳಗೆ ಬಡಿದ. ನಾನು ಹೋಟೆಲಿನವನನ್ನು ಕೇಳಿದೆ.

"ಆ ನಾಯಿನೇನ್ರಿ? ಅವತ್ತು ನೀವು ಕಾಲು ಬಡದು ಹೋದ್ರಲ್ಲ, ಅದರ ಹಿಂದs ಎದ್ದು ಹೋತು ನೋಡ್ರಿ, ತಿರುಗಿ ಬರಲಿಲ್ಲ. ಅದಕ್ಕೂ ಮೊದಲು ನಾಲ್ಕು ದಿನ ಇಲ್ಲೇ ಇತ್ತು. ಏನು ಹಾಕಿದ್ರೂ ತಿಂತಿರಲಿಲ್ಲ. ದಾವಣಗೆರೆ ಕಡಿಂದ ಬಸ್ ಬಂದಾಗೆಲ್ಲ ಎದ್ದು ಹೋಗಿ ಬಾಗಿಲ ಹತ್ರ ನಿಂತು ಇಳಿಯೋರ ಕಾಲು ನೋಡ್ತಿತ್ತು. ಎಲ್ಲಾರೂ ಇಳಿದ ಮ್ಯಾಲೆ ಬಂದು ಮತ್ತ ಮಕ್ಕಂತಿತ್ತು."

ಆತ ಹತ್ತಿರ ಬಂದು ನಮ್ಮಿಬ್ಬರ ಬಾಯಿಯನ್ನೇ ನೋಡುತ್ತ ನಿಂತಿದ್ದ. ಏನಂದ ಎಂದು ಕೈಯಲ್ಲಿ ಕೇಳಿದ. ಅರ್ಧ ಹೇಳಿ ಅರ್ಧ ಬಿಟ್ಟುಬಿಡಬಹುದಿತ್ತು. ನಾಯಿ ಬೇರೆ ಯಾವುದೋ ಅಂತೆ ಎಂದು ಬರೆದರೂ ಆತನಿಗೆ ತಿಳಿಯುವ ದಾರಿಯಿರಲಿಲ್ಲ. ಆತನ ಒಂದು ಪತ್ರವನ್ನು ಓದದೆ ಇಷ್ಟು ಮಾಡಿದವಳು ನಾನು. ಈಗ ಒಂದಕ್ಷರವನ್ನೂ ಬಿಡುವ ಹಕ್ಕು ನನಗಿರಲಿಲ್ಲ. ಬೆಂಚಿನ ಮೇಲೆ ಕುಳಿತು ಹೋಟೆಲಿನವನು ಹೇಳಿದ್ದನ್ನೆಲ್ಲ, ನಾನು ಬಂದು ಹೋದ ಮೇಲೆ ಅದು ಎದ್ದು ಹೋದದ್ದನ್ನೂ, ಒಂದೊಂದಾಗಿ ಬರೆದು ಕೊಟ್ಟೆ.

ಆತ ಓದಿ ಮುಗಿಸಿದ. ದಾವಣಗೆರೆ ಕಡೆಯಿಂದ ಬಸ್ಸೊಂದು ಬಂದು, ಜನರನ್ನು ಇಳಿಸಿ, ಹೋಯಿತು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಕೆಳಗೆ ಒಂದೇ ಸಾಲು ಬರೆದ.

"ಹಾಗಾದರೆ ನಾನು ಬರುತ್ತೇನೆಂದು ಅದಕ್ಕೆ ಗೊತ್ತಿತ್ತು."

ಪೆನ್ನು ವಾಪಸು ಕೊಟ್ಟು ನನ್ನ ಮುಖ ನೋಡಿದ. ಉತ್ತರ ಬೇಕಿತ್ತು ಆತನಿಗೆ. ನಾನು ಹೌದು ಎಂದು ಬರೆದೆ.